ಛಲ ಇದ್ರೆ ಸಾಕಾ? ಕ್ಯಾಪ್ಟನ್ ಗೋಪಿನಾಥ್ ಕಥೆ ಕೇಳಿ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ತೋಟದಲ್ಲಿ ಮೋಟ್ರು ಹಾಕೋಕೆ ಕರೆಂಟಿಗೆ ಕಾಯ್ತಿರೋರು, ಎಲ್ರೂ ಕೇಳಿ. ನಾಗಮಂಗಲ ಕಡೆಯ ಹುಡುಗರು ನನ್ನ ಹತ್ರ ಹೆಚ್ಚಾಗಿ ಕೇಳೋದು ಒಂದೇ: "ಅಣ್ಣ, ಬೆಂಗ್ಳೂರು ಕೆಲಸ ಬಿಟ್ಟು ಊರಲ್ಲೇ ಏನಾದ್ರೂ ಶುರು ಮಾಡ್ಬೇಕು. ನನ್ನಂಥವನಿಗೆ ಆಗುತ್ತಾ?"

ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರನ್ನೇ ನೋಡಿ. 1971ರ ಯುದ್ಧ ಕಂಡವರು, ಸೈನ್ಯ ಬಿಟ್ಟು ಊರಿಗೆ ಬಂದ್ರು. ಕುಟುಂಬದ ಜಮೀನು ಹೇಮಾವತಿ ಅಣೆಕಟ್ಟಿನ ನೀರಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ಭೂಮಿ. ಅಲ್ಲೇ ಟೆಂಟ್ ಹಾಕಿದ್ರು. ತೆಂಗು, ರೇಷ್ಮೆ, ಹಸು, ಕೋಳಿ, ಬೈಕ್ ಡೀಲರ್‌ಶಿಪ್, ಹೋಟೆಲ್... ಒಂದಾ ಎರಡಾ? ಚುನಾವಣೆಗೂ ನಿಂತು ಸೋತ್ರು. 1996ರಲ್ಲಿ ಪರಿಸರಸ್ನೇಹಿ ರೇಷ್ಮೆ ಕೃಷಿಗೆ ರೋಲೆಕ್ಸ್ ಪ್ರಶಸ್ತಿ ಬಂತು.

2003ರಲ್ಲಿ ಏರ್ ಡೆಕ್ಕನ್. ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನಾ ವಿಮಾನದ ಇಂಜಿನ್ನಿಗೇ ಬೆಂಕಿ ಹತ್ತಿತು, ಒಳಗೆ ರಾಜಕಾರಣಿಗಳಿದ್ರು! ಬೇರೆಯವರಾಗಿದ್ರೆ ಅಂಗಡಿ ಮುಚ್ತಿದ್ರು. ಇವರು ನಿಲ್ಲಿಸಲಿಲ್ಲ. ಒಂದು ರೂಪಾಯಿ ಟಿಕೆಟ್ ಬಂತು, ನಾಲ್ಕು ವರ್ಷದಲ್ಲಿ 40ಕ್ಕೂ ಹೆಚ್ಚು ವಿಮಾನಗಳಾದವು.

ಈಗ ಬಿ.ಕಾಂ ಓದಿದವನ ಮಾತು ಸ್ವಲ್ಪ ಕೇಳಿ. ಒಂದು ರೂಪಾಯಿ ಸೀಟು ಕೆಲವೇ ಕೆಲವು, ಮಿಕ್ಕ ಸೀಟಿಗೆ ಜಾಸ್ತಿ ದರ. ಲೆಕ್ಕ ಸರಿಯೇ. ಆದ್ರೆ ವಿಮಾನದ ಬಾಡಿಗೆ, ಇಂಧನ, ಪೈಲಟ್ ಸಂಬಳ ತಿಂಗಳು ತಿಂಗಳು ಕೊಡಲೇಬೇಕು. ವಿಮಾನ ಹೆಚ್ಚಿದಷ್ಟೂ ಆ ಹೊರೆ ಹೆಚ್ಚಿತು, ನಷ್ಟ ಬೆಳೀತು. 2007ರಲ್ಲಿ ವಿಜಯ್ ಮಲ್ಯ ಗುಂಪು ಶೇ. 26 ಪಾಲು ಕೊಂಡಿತು, ಮುಂದೆ ಕಂಪನಿ ಕಿಂಗ್‌ಫಿಶರ್ ಜೊತೆ ವಿಲೀನವಾಯ್ತು. ಗೋಪಿನಾಥ್ ಸುಮ್ನಾದ್ರಾ? 2009ರಲ್ಲಿ ಸರಕು ಸಾಗಿಸೋ ಡೆಕ್ಕನ್ 360 ತೆಗೆದ್ರು. ಅದು 2011ರಲ್ಲಿ ನಿಂತುಹೋಯ್ತು.

"ಆಗಲ್ಲ ಬಿಡಪ್ಪ" ಅನ್ನೋ ಮಾತು ಅವರ ಕಿವಿಗೆ ಬೀಳಲ್ಲ. ಜಾವಗಲ್ಲಲ್ಲಿ ಆ ಗುಣವೇ ಬರಡು ಭೂಮೀಲಿ ತೋಟ ಎಬ್ಬಿಸ್ತು. ವಿಮಾನಕ್ಕೆ ಬಂದಾಗ ಅದೇ ಗುಣ "ಸ್ವಲ್ಪ ನಿಧಾನ" ಅನ್ನೋ ಮಾತನ್ನೂ ಕೇಳಗೊಡಲಿಲ್ಲ ಅಂತ ನನಗನ್ಸುತ್ತೆ. ಒಳ್ಳೇದು ಕೆಟ್ಟದ್ದು ಅಂತ ಎರಡು ಡಬ್ಬಿ ಮಾಡಿ ಗುಣ ತುಂಬೋ ಮೋಟಿವೇಶನ್ ವಿಡಿಯೋಗಳು ನನಗೆ ಅದಕ್ಕೇ ಹಿಡಿಸಲ್ಲ.

ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ. ಬೇಕರಿ ಚೆನ್ನಾಗಿ ನಡೀತಿದೆ ಅಂತ ಗಲ್ಲಾಪೆಟ್ಟಿಗೆ ದುಡ್ಡಲ್ಲೇ ಪಾಂಡವಪುರದಲ್ಲಿ ಎರಡನೇದು ತೆಗೀತೀರಿ. ಆರು ತಿಂಗಳು ಅದು ನಡೀದಿದ್ರೆ ಮೊದಲನೇದರ ಮೈದಾ ದುಡ್ಡು ಯಾರು ಕೊಡ್ತಾರೆ? ಅಪ್ಪನ ಪಹಣಿ ಬ್ಯಾಂಕಲ್ಲಿದ್ರೆ ಪಣಕ್ಕಿಟ್ಟಿರೋದು ನಿಮ್ಮ ಛಲ ಅಲ್ಲ, ಅವರ ತೆಂಗಿನ ತೋಟ. ಹಂಗಾಗಿ ಸೈನ್ ಮಾಡೋ ಮೊದ್ಲು ಮನೇಲಿ "ಬೇಡ" ಅನ್ನೋ ಧೈರ್ಯ ಇರೋ ಒಬ್ರಿಗೆ, ಅಕ್ಕನೋ ಅಮ್ಮನೋ, ಆ ಆರು ತಿಂಗಳ ಖರ್ಚನ್ನ ಕಾಗದದಲ್ಲಿ ಬರೆದು ತೋರಿಸಿ.

ಮುಂದಿನ ವಾರ ಆಲೆಮನೆ ಸಾಲದ ಬಗ್ಗೆ ಮಾತಾಡೋಣ. ಬರ್ಲಾ?