ಪರದೇಶದ ವ್ಯಾಜ್ಯ, ನಮ್ಮೂರಿನ ಸಾಕ್ಷಿ



ವ್ಯಾಜ್ಯವು ಒಂದು ದೇಶದ ನ್ಯಾಯಾಲಯದಲ್ಲಿ ನಡೆಯುತ್ತಿದ್ದು, ಅದರ ನಿಜಸ್ಥಿತಿಯನ್ನು ಬಲ್ಲ ಮನುಷ್ಯನು ಮತ್ತೊಂದು ದೇಶದಲ್ಲಿ ವಾಸವಾಗಿರುವಾಗ, ಅವನ ಮಾತು ನ್ಯಾಯಾಧೀಶನ ಕಿವಿಯನ್ನು ಯಾವ ಮಾರ್ಗದಿಂದ ಮುಟ್ಟಬೇಕು ಎಂಬುದನ್ನೇ ಈ ದತ್ತಿ ಉಪನ್ಯಾಸಕ್ಕೆ ನಾನು ವಿಷಯವಾಗಿ ಆಯ್ದುಕೊಂಡಿದ್ದೇನೆ. ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಇದಕ್ಕೆ ಮೀಸಲಾದ ಪುಟಗಳು ಅಲ್ಪ. ಆದರೆ ತನ್ನ ಪರವಾಗಿ ನುಡಿಯಬಲ್ಲ ಒಬ್ಬನೇ ಸಾಕ್ಷಿಯು ಕಡಲಾಚೆ ಉಳಿದುದರಿಂದಲೇ ದಾವೆಯನ್ನು ಕಳೆದುಕೊಂಡ ಕುಟುಂಬವನ್ನು ಬಲ್ಲವರಿಗೆ ಇದು ಅಲ್ಪ ವಿಷಯವೆಂದು ತೋರದು.

ದೇಶಾಂತರದ ಮಾತೆಂದ ಕೂಡಲೇ ಲಂಡನ್ನು, ನ್ಯೂಯಾರ್ಕುಗಳನ್ನು ನೆನೆಯುವುದು ಸಹಜ. ನಾನು ನಿಮ್ಮನ್ನು ಮೊದಲು ಬಿಡಕಿನ್ನಿಗೆ ಕರೆದೊಯ್ಯಬಯಸುತ್ತೇನೆ. ಈಗ ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುವ ಔರಂಗಾಬಾದಿನಿಂದ ಪೈಠಣಕ್ಕೆ ಹೋಗುವ ರಸ್ತೆಯ ಮೇಲಿರುವ ಈ ಊರಿನಿಂದ ಇನ್ನಷ್ಟು ದಕ್ಷಿಣಕ್ಕೆ ನಡೆದರೆ ಗೋದಾವರಿ. ನಮ್ಮ ಕವಿರಾಜಮಾರ್ಗವು ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೇಳಿದ ನದಿಯೇ ಇದು. ರಾಷ್ಟ್ರಕೂಟರ ಒಂದನೆಯ ಕೃಷ್ಣನು ಕಡೆಯಿಸಿದ ಎಲ್ಲೋರದ ಕೈಲಾಸವೂ ಇದೇ ಜಿಲ್ಲೆಯಲ್ಲಿದೆ. 1947ಕ್ಕೆ ಮುಂಚೆ ಈ ನದಿಯ ಉತ್ತರದ ದಡ ಹೈದರಾಬಾದಿನ ನಿಜಾಮರದು, ದಕ್ಷಿಣದ ದಡದ ಅಹಮದ್‌ನಗರ ಜಿಲ್ಲೆ ಬ್ರಿಟಿಷರ ಮುಂಬಯಿ ಪ್ರಾಂತದ್ದು. ಆದುದರಿಂದ ಆ ಜಿಲ್ಲೆಯ ನೇವಾಸೆಯ ರೈತನೊಬ್ಬನು ತನ್ನ ಹೊಲದ ಮೇಲಣ ಹಕ್ಕಿಗಾಗಿ ದಾವೆ ಹೂಡಿ, ಬಿಡಕಿನ್ನಿನಲ್ಲಿದ್ದ ಸೋದರಮಾವನ ಸಾಕ್ಷ್ಯವನ್ನು ಬೇಡಿದನೆಂದರೆ, ಆ ಸೋದರಮಾವನು ಕಾನೂನಿನ ದೃಷ್ಟಿಯಲ್ಲಿ ಪರರಾಜ್ಯದ ನಿವಾಸಿ. ಅವನಿಗೆ ಅಹಮದ್‌ನಗರದ ಕೋರ್ಟು ಸಮನ್ಸು ಕಳುಹಿಸಿ ಬಲವಂತದಿಂದ ಕರೆಸುವಂತಿರಲಿಲ್ಲ. ಕನ್ನಡಿಗರಿಗೆ ಈ ಸ್ಥಿತಿ ಇನ್ನೂ ಹತ್ತಿರದ್ದು: ಹಂಪೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ, ಎದುರು ದಡದ ಆನೆಗೊಂದಿ ನಿಜಾಮರ ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುವಷ್ಟರಲ್ಲಿ ಸಾಕ್ಷಿಯು ಒಂದು ನ್ಯಾಯವ್ಯವಸ್ಥೆಯಿಂದ ಇನ್ನೊಂದಕ್ಕೆ ಸಂದುಬಿಡುತ್ತಿದ್ದನು.

ಇಂಥ ಸಂದರ್ಭಕ್ಕೆಂದೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 77ನೆಯ ಕಲಮು ಹಾಗೂ 26ನೆಯ ಆದೇಶದ 5ನೆಯ ನಿಯಮಗಳು ರಚಿತವಾಗಿವೆ. ಬ್ರಿಟಿಷ್ ಇಂಡಿಯದ ಹೊರಗಿರುವ ಸಾಕ್ಷಿಯನ್ನು ವಿಚಾರಿಸಲು ಕೋರ್ಟು ಕಮಿಷನ್ ಹೊರಡಿಸಬಹುದು, ಇಲ್ಲವೆ ಅಲ್ಲಿಯ ನ್ಯಾಯಾಲಯಕ್ಕೆ ಕೋರಿಕೆಯ ಪತ್ರವನ್ನು ಬರೆಯಬಹುದು ಎಂಬುದು ಅವುಗಳ ಅಂದಿನ ತಾತ್ಪರ್ಯ. 1951ರ ಏಪ್ರಿಲ್ 1ರಂದು ಸಂಹಿತೆಯು ಹೈದರಾಬಾದು, ಮೈಸೂರು ಮೊದಲಾದ ಹಿಂದಿನ ಸಂಸ್ಥಾನಗಳಿಗೂ ವಿಸ್ತರಿಸಿದ ಬಳಿಕ ಬಿಡಕಿನ್ನಿನ ಸೋದರಮಾವನು ಸ್ವದೇಶದ ಸಾಕ್ಷಿಯಾದನು. ಅವನು ಮನೆ ಬಿಟ್ಟು ಕದಲಿರಲಿಲ್ಲ, ಗಡಿ ಮಾತ್ರ ಅವನನ್ನು ದಾಟಿ ಹೋಗಿತ್ತು.

ಕಮಿಷನ್ನಿನ ವಿಚಾರಣೆ ಹೇಗೆ ನಡೆಯುತ್ತದೆಂಬುದನ್ನು ಕೋರ್ಟಿನ ಹತ್ತಿರ ಸುಳಿಯದವರಿಗಾಗಿ ತುಸು ವಿವರಿಸುವುದು ಯುಕ್ತ. ಕೋರ್ಟಿನಿಂದ ನೇಮಕಗೊಂಡ ಕಮಿಷನರನು, ಸಾಮಾನ್ಯವಾಗಿ ಒಬ್ಬ ವಕೀಲನು, ಸಾಕ್ಷಿಗೆ ಪ್ರಮಾಣವಚನವನ್ನು ಬೋಧಿಸುತ್ತಾನೆ. ವಾದಿಯ ಕಡೆಯ ಮುಖ್ಯ ವಿಚಾರಣೆ, ಪ್ರತಿವಾದಿಯ ಕಡೆಯ ಪಾಟೀಸವಾಲು, ಬೇಕಾದರೆ ಮರುವಿಚಾರಣೆ ಕ್ರಮವಾಗಿ ನಡೆಯುತ್ತವೆ. ದೂರದ ಪ್ರಯಾಣದ ವೆಚ್ಚಕ್ಕೆ ಅಂಜಿ ವಕೀಲರು ಹೋಗದಿದ್ದಾಗ ಮೊದಲೇ ಬರೆದ ಪ್ರಶ್ನಾವಳಿಯನ್ನೂ ಅದಕ್ಕೆ ಎದುರು ಪ್ರಶ್ನಾವಳಿಯನ್ನೂ ಕಳುಹಿಸುವ ಪದ್ಧತಿಯುಂಟು. ಬರೆದ ಹೇಳಿಕೆಯನ್ನು ಲಕೋಟೆಯಲ್ಲಿಟ್ಟು ಮುದ್ರೆಯೊತ್ತಿ ಮೂಲ ಕೋರ್ಟಿಗೆ ಹಿಂದಿರುಗಿಸುತ್ತಾರೆ. ಲಿಖಿತ ಪ್ರಶ್ನಾವಳಿಯ ಪದ್ಧತಿಯ ವಿಷಯದಲ್ಲಿ ನನಗೆ ಯಾವ ಕಾಲಕ್ಕೂ ಗೌರವ ಹುಟ್ಟಿದ್ದಿಲ್ಲ. ಸಾಕ್ಷಿಯ ಉತ್ತರವನ್ನು ಕೇಳಿ ಆ ಉತ್ತರದಿಂದಲೇ ಹೊಸ ಪ್ರಶ್ನೆಯನ್ನು ಎತ್ತುವುದಲ್ಲವೆ ಪಾಟೀಸವಾಲಿನ ಪ್ರಾಣ? ಉತ್ತರ ಬರುವುದಕ್ಕೆ ಮುಂಚೆಯೇ ಬರೆದಿಟ್ಟ ಪ್ರಶ್ನೆಗಳಲ್ಲಿ ಆ ಪ್ರಾಣವಿರದು.

ನಿಜಾಮರ ರಾಜ್ಯದ ಸಂಬಂಧವಾಗಿಯೇ ಪರದೇಶದ ಸಿವಿಲ್ ವ್ಯಾಜ್ಯವೊಂದು ಜಗತ್ಪ್ರಸಿದ್ಧವಾಗಿದೆ. ನನ್ನ ಇಂದಿನ ಮಾತಿನ ತಿರುಳು ಅದರಲ್ಲಿದೆಯಾದ್ದರಿಂದ ಅಲ್ಲಿ ತುಸು ನಿಲ್ಲುತ್ತೇನೆ. 1948ರ ಸೆಪ್ಟೆಂಬರ್ ಮಧ್ಯದಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿ, ನಿಜಾಮರ ಪಡೆ ಶರಣಾಗುತ್ತಿದ್ದ ದಿನಗಳಲ್ಲಿ, ಅವರ ವಿದೇಶಾಂಗ ಸಚಿವ ಮೊಯಿನ್ ನವಾಜ್ ಜಂಗರ ಸೂಚನೆಯ ಮೇರೆಗೆ 10,07,940 ಪೌಂಡು 9 ಶಿಲ್ಲಿಂಗುಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ಅಲ್ಲಿಯ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹೀಮ್‌ತೂಲಾ ಅವರ ಹೆಸರಿನ ಖಾತೆಗೆ ಜಮೆಯಾದುವು. ಅದೇ ತಿಂಗಳ 27ರಂದು ನಿಜಾಮರು ತಂತಿ ಕಳುಹಿಸಿ, ಇದು ತಮ್ಮ ಅಧಿಕಾರವಿಲ್ಲದೆ ನಡೆದುದು, ಹಣವನ್ನು ಹಿಂದಿರುಗಿಸಿರಿ ಎಂದು ಬ್ಯಾಂಕನ್ನು ಕೇಳಿದರು. ಖಾತೆದಾರನ ಒಪ್ಪಿಗೆಯಿಲ್ಲದೆ ಬ್ಯಾಂಕು ಒಪ್ಪಲಿಲ್ಲ. 1954ರಲ್ಲಿ ನಿಜಾಮರು ಲಂಡನ್ನಿನಲ್ಲಿ ದಾವೆ ಹೂಡಿದರು. 1957ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯು ಪರರಾಷ್ಟ್ರವನ್ನು ಕೋರ್ಟಿಗೆ ಎಳೆಯಲಾಗದೆಂಬ ತತ್ತ್ವದ ಮೇಲೆ ಆ ದಾವೆಯನ್ನು ತಡೆದಿತು. ಹಣ ಹಾಗೆಯೇ ಹೆಪ್ಪುಗಟ್ಟಿ ಕುಳಿತಿತು. 2013ರಲ್ಲಿ ಪಾಕಿಸ್ತಾನವೇ ಹೊಸ ದಾವೆ ಹೂಡಿ ತನ್ನ ರಕ್ಷೆಯನ್ನು ತಾನೇ ಕಳಚಿಕೊಂಡಿತು. ವಿಚಾರಣೆ ಮುಗಿದು 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅವರು ಹಣವು ಏಳನೆಯ ನಿಜಾಮರದೆಂದೂ, ಅವರ ಹಕ್ಕಿನ ಮೂಲಕ ಅದನ್ನು ಕೇಳಿದ ಮೊಮ್ಮಕ್ಕಳಿಗೂ ಭಾರತಕ್ಕೂ ಸೇರತಕ್ಕದ್ದೆಂದೂ ತೀರ್ಪಿತ್ತರು. ಅಷ್ಟರಲ್ಲಿ ಆ ಮೊತ್ತ ಸುಮಾರು 3.5 ಕೋಟಿ ಪೌಂಡುಗಳಾಗಿ ಬೆಳೆದಿತ್ತು.

ಬಡ್ಡಿಯೊಡನೆ ಬೆಳೆದುದು ಹಣ. ಸಾಕ್ಷಿಗಳು ಮಾತ್ರ ಒಬ್ಬೊಬ್ಬರಾಗಿ ಕಣ್ಮರೆಯಾಗಿದ್ದರು. ಯಾವ ಉದ್ದೇಶದಿಂದ ಈ ಹಣವನ್ನು ಕಳುಹಿಸಲಾಯಿತು, ಶಸ್ತ್ರಾಸ್ತ್ರಗಳ ಬೆಲೆಗೋ, ಸುರಕ್ಷಿತವಾಗಿ ಇರಿಸಿಕೊಳ್ಳುವುದಕ್ಕೋ ಎಂಬುದೇ ವಾದದ ಮರ್ಮವಾಗಿರಲು, ಅದನ್ನು ಹೇಳಬಲ್ಲ ನಿಜಾಮರು 1967ರಲ್ಲಿಯೇ ತೀರಿಕೊಂಡಿದ್ದರು, ರಹೀಮ್‌ತೂಲಾ ಅವರೂ ಇರಲಿಲ್ಲ. ತಂತಿಗಳು, ಪತ್ರವ್ಯವಹಾರ, ಬ್ಯಾಂಕಿನ ಕಾಗದಗಳು, ಇವೇ ಮಾತನಾಡಬೇಕಾಯಿತು. ಎಪ್ಪತ್ತು ವರ್ಷಗಳ ಹಿಂದಿನ ಸಂಗತಿಯನ್ನು ಕಾಗದಗಳಿಂದ ಹೆಕ್ಕಿ ತೆಗೆದ ನ್ಯಾಯಾಧೀಶರ ಶ್ರಮ ಅಭಿನಂದನೀಯವೇ. ಆದರೆ 1954ರಲ್ಲಿಯೇ, ನೆನಪು ಇನ್ನೂ ಹಸಿಯಾಗಿದ್ದಾಗಲೇ, ಸಂಬಂಧಪಟ್ಟವರ ಹೇಳಿಕೆಗಳನ್ನು ಪ್ರಮಾಣಪೂರ್ವಕವಾಗಿ ಬರೆದಿಟ್ಟುಕೊಳ್ಳಲು ದಾರಿಯಿದ್ದಿದ್ದರೆ ಎಂಬ ಯೋಚನೆ ನನ್ನನ್ನು ಬಿಡದು. ಅರಸರ ವ್ಯಾಜ್ಯಕ್ಕೆ ಪತ್ರಾಗಾರಗಳು ಇರುತ್ತವೆ. ಸಾಮಾನ್ಯನ ವ್ಯಾಜ್ಯದಲ್ಲಿ ಮನುಷ್ಯನು ಸತ್ತರೆ ಅವನೊಡನೆ ಸಂಗತಿಯೂ ಸಾಯುತ್ತದೆ. ಆದುದರಿಂದ ಪರದೇಶದ ಸಾಕ್ಷಿಯ ಪ್ರಶ್ನೆಯನ್ನು ದಾವೆಯ ಕೊನೆಯ ಘಟ್ಟಕ್ಕೆ ನೂಕದೆ, ವಿವಾದಾಂಶಗಳು ರಚಿತವಾದ ಕೂಡಲೇ ಎತ್ತಿಕೊಳ್ಳುವುದು ಕೋರ್ಟಿನ ಕರ್ತವ್ಯವೆಂದೂ, ವಾಯಿದೆಗಳ ಮೇಲೆ ವಾಯಿದೆ ಕೊಡುವುದಕ್ಕೆ ಈ ಒಂದು ವಿಷಯದಲ್ಲಿ ಯಾವ ಕ್ಷಮೆಯೂ ಇಲ್ಲವೆಂದೂ ನಾನು ದೃಢವಾಗಿ ನಂಬಿದ್ದೇನೆ.

ಇಷ್ಟೊಂದು ಕೋರಿಕೆ, ಮುದ್ರೆ, ಸಚಿವಾಲಯಗಳ ಗೊಡವೆಯೇಕೆ, ಸಾಕ್ಷಿಯು ತಾನಾಗಿಯೇ ದೂರವಾಣಿಯಲ್ಲಿ ಮಾತನಾಡಿದರೆ ಸಾಲದೆ ಎಂದು ಕೇಳುವವರುಂಟು. ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದು ರಾಜಾಧಿಕಾರದ ಒಂದು ಅಂಗ. ಒಂದು ರಾಷ್ಟ್ರವು ಇನ್ನೊಂದರ ನೆಲದ ಮೇಲೆ ಅದನ್ನು ಅಪ್ಪಣೆಯಿಲ್ಲದೆ ಚಲಾಯಿಸಬಾರದೆಂಬ ಭಾವನೆ ಬಹು ಬಲವಾದುದು. ಸ್ವಿಟ್ಜರ್ಲೆಂಡಿನಲ್ಲಿ ಪರದೇಶದ ವ್ಯಾಜ್ಯಕ್ಕಾಗಿ ಅನುಮತಿಯಿಲ್ಲದೆ ಸಾಕ್ಷ್ಯ ಸಂಗ್ರಹಿಸುವುದು ದಂಡನಾರ್ಹ ಅಪರಾಧವೇ ಆಗಿದೆ. ಬ್ರಿಟನ್ನಿನ ಮೇಲ್ನ್ಯಾಯಮಂಡಳಿಯೊಂದು 2021ರಲ್ಲಿ, ಹೊರದೇಶದಲ್ಲಿ ಕುಳಿತವನು ವೀಡಿಯೋ ಮೂಲಕ ಮೌಖಿಕ ಸಾಕ್ಷ್ಯ ನುಡಿಯಬೇಕಾದರೆ ಆ ದೇಶದ ಆಕ್ಷೇಪವಿಲ್ಲವೆಂಬುದು ಮೊದಲು ಖಚಿತವಾಗಬೇಕೆಂದು ಹೇಳಿತು. 1970ರ ಮಾರ್ಚ್ 18ರಂದು ಹೇಗ್ ನಗರದಲ್ಲಿ ರೂಪುಗೊಂಡ ಸಾಕ್ಷ್ಯಸಂಗ್ರಹದ ಒಪ್ಪಂದವು ಈ ಸಂಕೋಚಕ್ಕೆ ಒಂದು ಸಭ್ಯ ಪರಿಹಾರ: ಪ್ರತಿಯೊಂದು ದೇಶವೂ ಒಂದು ಕೇಂದ್ರ ಪ್ರಾಧಿಕಾರವನ್ನು ಹೆಸರಿಸತಕ್ಕದ್ದು, ಕೋರಿಕೆಯ ಪತ್ರ ಅದಕ್ಕೆ ಬರತಕ್ಕದ್ದು, ಸಾಕ್ಷಿಯ ನೆಲದ ಕೋರ್ಟು ತನ್ನ ವಿಧಾನದಂತೆ ತ್ವರಿತವಾಗಿ ವಿಚಾರಣೆ ನಡೆಸಿ ಕಳುಹಿಸತಕ್ಕದ್ದು. ಭಾರತವು 2007ರಲ್ಲಿ ಇದಕ್ಕೆ ಸೇರಿತು. ದೆಹಲಿಯ ಕಾನೂನು ಸಚಿವಾಲಯವೇ ನಮ್ಮ ಕೇಂದ್ರ ಪ್ರಾಧಿಕಾರ.

ಕನ್ನಡ ನಾಡಿನ ಕೊಡುಗೆ ಈ ವಿಷಯದಲ್ಲಿ ಸಣ್ಣದಲ್ಲ. ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಚಲನಚಿತ್ರ ಸಂಸ್ಥೆಗೂ ಎನ್‌ಆರ್‌ಐ ಫಿಲ್ಮ್ ಪ್ರೊಡಕ್ಷನ್ ಅಸೋಸಿಯೇಟ್ಸ್ ಎಂಬ ಸಂಸ್ಥೆಗೂ ನಡುವಣ ಸಿವಿಲ್ ದಾವೆಯಲ್ಲಿ, ಅಮೆರಿಕದಲ್ಲಿರುವ ಸಾಕ್ಷಿಗಳನ್ನು ದೃಶ್ಯಶ್ರವಣ ಸಂಪರ್ಕದಿಂದ ವಿಚಾರಿಸಬಹುದೆ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಾಗ, ಕೋರ್ಟು ಅದಕ್ಕೆ ಅವಕಾಶ ಕೊಟ್ಟುದಲ್ಲದೆ ಹಲವು ಷರತ್ತುಗಳನ್ನೂ ವಿಧಿಸಿತು. 2003ರ ವರದಿಗಳಲ್ಲಿ ಅಚ್ಚಾಗಿರುವ ಈ ತೀರ್ಪನ್ನು ಅನಂತರದ ಅನೇಕ ಕೋರ್ಟುಗಳು ಆಧರಿಸಿವೆ. ಆ ಷರತ್ತುಗಳಂತೆ, ತೆರೆಯ ಮೇಲೆ ಕಾಣುವವನು ತಾನೇ ಆ ಸಾಕ್ಷಿಯೆಂಬುದಕ್ಕೆ ನೋಟರಿಯ ಎದುರು ಮಾಡಿದ ಪ್ರಮಾಣಪತ್ರ ಬೇಕು. ದಾವಾಪತ್ರ, ಪ್ರತಿವಾದಪತ್ರ, ಇತರ ದಾಖಲೆಗಳ ಪ್ರತಿಗಳು ಅವನಿಗೆ ಮುಂಚಿತವಾಗಿ ತಲುಪಿರಬೇಕು. ಕೋಣೆಯಲ್ಲಿ ಅವನು ಒಬ್ಬನೇ ಇದ್ದನೆಂದು ನೋಟರಿ ದೃಢೀಕರಿಸಬೇಕು. ನ್ಯಾಯಾಧೀಶರು ಅವನ ಮುಖಭಾವ, ವರ್ತನೆಗಳ ಬಗ್ಗೆ ತಮಗೆ ಕಂಡುದನ್ನು ಬರೆದಿಡಬೇಕು. ವಿಚಾರಣೆ ಭಾರತದ ಕೋರ್ಟುಗಳ ವೇಳೆಯಲ್ಲಿಯೇ ಜರುಗಬೇಕು, ಸಮಯದ ಅಂತರವನ್ನು ಸಾಕ್ಷಿಯು ನೆಪವಾಗಿ ಒಡ್ಡಕೂಡದು. ಬೆಂಗಳೂರಿನಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಕಲಾಪ ಆರಂಭವಾದರೆ ಅಮೆರಿಕದ ಪಶ್ಚಿಮ ತೀರದಲ್ಲಿ ಅದು ಹಿಂದಿನ ದಿನದ ರಾತ್ರಿ ಒಂಬತ್ತೂವರೆಯೋ ಹತ್ತೂವರೆಯೋ ಆಗಿರುತ್ತದೆ. ನಿದ್ದೆಗೆಟ್ಟು ನುಡಿಯುವ ಶ್ರಮ ಸಾಕ್ಷಿಯ ಪಾಲಿಗೆ, ವೆಚ್ಚ ಈ ಸೌಕರ್ಯವನ್ನು ಬೇಡಿದವನ ಪಾಲಿಗೆ. ಸಾಕ್ಷಿಯ ಏಕಾಂತವನ್ನು ಕುರಿತ ಷರತ್ತನ್ನು ನಾನು ಇವೆಲ್ಲವುಗಳಿಗಿಂತ ಮೇಲಾಗಿ ಎಣಿಸುತ್ತೇನೆ. ಕೋರ್ಟಿನ ಕಟಕಟೆಯಲ್ಲಿ ನಿಂತವನಿಗೆ ಯಾರೂ ಕಿವಿಯಲ್ಲಿ ಉಸುರಲಾರರು. ತೆರೆಯ ಚೌಕಟ್ಟಿನ ಆಚೆ ಯಾರು ಕುಳಿತಿರುವರೆಂಬುದನ್ನು ಕಾಣುವುದಕ್ಕೆ ನೋಟರಿಯ ಕಣ್ಣೊಂದೇ ನಮಗಿರುವ ಸಾಧನ.

ಸಾಕ್ಷಿಗಳ ವಾಸಸ್ಥಾನವು ಒಮ್ಮೊಮ್ಮೆ ದಾವೆಯ ಗತಿಯನ್ನೇ ತಿರುಗಿಸಿಬಿಡುತ್ತದೆ. ಭೋಪಾಲದ ವಿಷಾನಿಲ ದುರಂತದ ಪರಿಹಾರದ ದಾವೆಗಳನ್ನು 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಅವರು ತಮ್ಮ ಕೋರ್ಟಿನಿಂದ ಭಾರತದತ್ತ ಸಾಗಹಾಕಿದಾಗ, ಸಾಕ್ಷಿಗಳೂ ದಾಖಲೆಗಳೂ ಬಹುಮಟ್ಟಿಗೆ ಭಾರತದಲ್ಲಿವೆ ಎಂಬುದು ಅವರ ಮುಖ್ಯ ಕಾರಣಗಳಲ್ಲೊಂದಾಗಿತ್ತು.

ಇನ್ನು ಬಿಡಕಿನ್ನಿಗೆ ಮರಳೋಣ. ಈಗಿನ ಬಿಡಕಿನ್ ಹಳೆಯ ಗಡಿಸೀಮೆಯ ಊರಲ್ಲ. ದೆಹಲಿ–ಮುಂಬಯಿ ಕೈಗಾರಿಕಾ ಪಥದ ಅಂಗವಾಗಿ ಅಲ್ಲಿ ಸುಮಾರು 7,855 ಎಕರೆಗಳ ಕೈಗಾರಿಕಾ ಪ್ರದೇಶ ನಿರ್ಮಾಣಗೊಂಡು 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಸಮರ್ಪಿತವಾಗಿದೆ. ಬೆಂಗಳೂರಿನ ಎಥರ್ ಎನರ್ಜಿ ಸಂಸ್ಥೆ ಅಲ್ಲಿ ಕಾರ್ಖಾನೆ ತೆರೆಯುವುದಾಗಿ ಸಾರಿದೆ. ನಮ್ಮ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯೂ ಮಹಾರಾಷ್ಟ್ರ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿದೆ. ಪರದೇಶದ ಯಂತ್ರ, ಪರದೇಶದ ಕರಾರು ಬಂದೆಡೆಗೆ ಪರದೇಶದ ವ್ಯಾಜ್ಯವೂ ಬರುತ್ತದೆ. ಜರ್ಮನಿಯಿಂದ ತರಿಸಿದ ಯಂತ್ರವು ಕೆಟ್ಟುದು ಯಾರ ದೋಷದಿಂದ ಎಂದು ಅಲ್ಲಿಯ ಕೋರ್ಟಿನಲ್ಲಿ ವಾದ ಹುಟ್ಟಿತೆನ್ನೋಣ. ಅದನ್ನು ಕಣ್ಣಾರೆ ಕಂಡವನು ಪೈಠಣ ತಾಲ್ಲೂಕಿನ ಫಿಟ್ಟರನೊಬ್ಬನು, ಇಲ್ಲವೆ ಜೇವರ್ಗಿಯಿಂದ ದುಡಿಯಲು ಹೋದ ಕನ್ನಡಿಗನೊಬ್ಬನು. ಕೋರಿಕೆಯ ಪತ್ರ ದೆಹಲಿಗೆ ಬಂದು, 26ನೆಯ ಆದೇಶಕ್ಕೆ 1932ರಲ್ಲಿ ಸೇರಿಸಿದ 19ರಿಂದ 22ರ ವರೆಗಿನ ನಿಯಮಗಳಂತೆ ಹೈಕೋರ್ಟಿನ ಮುಂದೆ ಹೋಗುತ್ತದೆ. ಸಾಕ್ಷಿಯು ಪೈಠಣದಲ್ಲಿದ್ದರೆ ಮುಂಬಯಿ ಹೈಕೋರ್ಟಿನ ಸೀಮೆ, ಜೇವರ್ಗಿಗೆ ಹಿಂದಿರುಗಿದ್ದರೆ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ. ವ್ಯಾಜ್ಯವು ಸಿವಿಲ್ ಸ್ವರೂಪದ್ದೆಂದು ಮನಗಂಡ ಮೇಲೆ ಹೈಕೋರ್ಟು ಸಾಕ್ಷಿಯ ಊರಿನ ಕೋರ್ಟಿಗೆ ಕಮಿಷನ್ ಹೊರಡಿಸುತ್ತದೆ.

ಆಗ ನಡೆಯುವುದನ್ನು ಯೋಚಿಸಿರಿ. ಪ್ರಶ್ನೆ ಹುಟ್ಟಿದುದು ಜರ್ಮನ್ ಭಾಷೆಯಲ್ಲಿ, ನಮ್ಮ ಸರ್ಕಾರದ ಷರತ್ತಿನಂತೆ ಅದು ಇಂಗ್ಲಿಷಿಗೆ ತಿರುಗಿ ಬಂದಿದೆ. ಕೇಳುವುದು ಮರಾಠಿಯಲ್ಲೋ ಕನ್ನಡದಲ್ಲೋ. ಉತ್ತರ ಮತ್ತೆ ಇಂಗ್ಲಿಷಿನಲ್ಲಿ ದಾಖಲಾಗಿ ಜರ್ಮನಿಗೆ ಹೋಗುತ್ತದೆ. ನಿಜಾಮರ ಕಾಲದಲ್ಲಿಯೂ ಬಿಡಕಿನ್ನಿನವನ ಮರಾಠಿ, ರಾಯಚೂರಿನವನ ಕನ್ನಡ ಕೋರ್ಟಿನ ಉರ್ದುವಿನಲ್ಲಿ ಇಳಿಯಬೇಕಾಗಿತ್ತು. ಸಾಕ್ಷಿಗೆ ಅರಿಯದ ಭಾಷೆಯಲ್ಲಿ ಹೇಳಿಕೆ ಬರೆದುಕೊಂಡಾಗ, ಬರೆದುದನ್ನು ಅವನು ನುಡಿದ ಭಾಷೆಯಲ್ಲಿಯೇ ಅವನಿಗೆ ಅರ್ಥ ಹೇಳಬೇಕೆಂದು 18ನೆಯ ಆದೇಶದ 6ನೆಯ ನಿಯಮ ವಿಧಿಸುತ್ತದೆ. ಪರದೇಶದ ಕೋರಿಕೆಯನ್ನು ನೆರವೇರಿಸುವ ಕೋರ್ಟು ತನ್ನದೇ ವಿಧಾನವನ್ನು ಅನುಸರಿಸತಕ್ಕದ್ದೆಂದು ಹೇಗ್ ಒಪ್ಪಂದವೂ ಹೇಳುವುದರಿಂದ, ಈ ನಿಯಮವನ್ನು ಇಲ್ಲಿ ಬಿಟ್ಟುಬಿಡಲು ಯಾವ ಕಾರಣವೂ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಕ್ಷಿಯು ಆಡಿದ ಮೂಲ ಮಾತನ್ನೇ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಬರೆದು, ಭಾಷಾಂತರದ ಪಕ್ಕದಲ್ಲಿರಿಸಿ, ಭಾಷಾಂತರಕಾರನ ಹೆಸರು ಮತ್ತು ಪ್ರಮಾಣದೊಡನೆ ಲಕೋಟೆಯಲ್ಲಿ ಕಳುಹಿಸಬೇಕೆಂಬುದು ನನ್ನ ಸೂಚನೆ. ಇದಕ್ಕೆ ಹೊಸ ಶಾಸನ ಬೇಕಿಲ್ಲ, ಕಮಿಷನ್ ಹೊರಡಿಸುವ ಆಜ್ಞೆಯಲ್ಲಿ ಒಂದು ವಾಕ್ಯ ಸೇರಿದರೆ ಸಾಕು. ಕಲಬುರಗಿಯಲ್ಲಾಗಲಿ ಸಂಭಾಜಿನಗರದಲ್ಲಾಗಲಿ ಇಂಥ ಅರ್ಜಿಯನ್ನು ಸಲ್ಲಿಸುವ ವಕೀಲ ಮಿತ್ರರು ಆ ವಾಕ್ಯವನ್ನು ತಮ್ಮ ಪ್ರಾರ್ಥನೆಯಲ್ಲಿ ತಪ್ಪದೆ ಬರೆದು ಕೇಳಿಕೊಳ್ಳಬೇಕೆಂದು ವಿನಂತಿಸುತ್ತೇನೆ.