ತೆಂಗಿನ ಸೀಮೆಯ ಚುರುಕು ಮಕ್ಕಳಿಗೆ ದಾರಿ ಯಾವುದು?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟ ಎಲ್ಲರಿಗೂ ಗೊತ್ತಿರುವುದೇ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ನೀರು ಇಂಗುತ್ತದೆ, ತಿರುಳು ಕರಟ ಬಿಡುತ್ತದೆ, ಕಾಯಿ ಅಲ್ಲಾಡಿಸಿದರೆ ಒಳಗಿನ ಉಂಡೆ ಲೊಟಲೊಟ ಎನ್ನುತ್ತದೆ. ಇದನ್ನೇ ನೋಡುತ್ತ ಬೆಳೆದ ಹುಡುಗಿಯೊಬ್ಬಳು, 'ಕಾಯಿ ಒಡೆದೇ ಇಲ್ಲವಲ್ಲ, ಒಳಗಿನ ನೀರು ಎಲ್ಲಿಗೆ ಹೋಯಿತಜ್ಜಿ?' ಎಂದು ಕೇಳುತ್ತಾಳೆ ಅಂದುಕೊಳ್ಳಿ. 'ಹೋಗಿ ಓದ್ಕೋ' ಎನ್ನುವ ಉತ್ತರವೇ ಹೆಚ್ಚು. ಅವಳು ಬಿಡುವುದಿಲ್ಲ. ಎರಡು ಕಾಯಿ ತೂಗಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ತೂಕ ಬರೆದು, ಮುಂದಿನ ತಿಂಗಳು ಮತ್ತೆ ತೂಗುತ್ತಾಳೆ. ಗೋಡೆ ಹಾಳಾಯಿತೆಂದು ಬೈಸಿಕೊಳ್ಳುತ್ತಾಳೆ. ನನ್ನ ಮಟ್ಟಿಗೆ ಪ್ರತಿಭೆಯ ಮೊದಲ ಗುರುತು ಆ ಇದ್ದಿಲಿನ ಬರಹ. ನೀರಿನ ಒಂದಷ್ಟು ಪಾಲು ತಿರುಳಿಗೆ ಇಂಗಿ, ನಿಧಾನವಾಗಿ ಆವಿಯಾಗಿ ಹೊರಬೀಳುತ್ತದೆ. ತಿಂಗಳು ತಿಂಗಳು ಇಳಿಯುವ ತೂಕವೇ ಅದಕ್ಕೆ ಸಾಕ್ಷಿ. ಆ ಉತ್ತರದ ಹತ್ತಿರಕ್ಕೆ ಅವಳು ತಾನಾಗಿಯೇ ಬಂದಿದ್ದಾಳೆ.

ನಾವು ಅಂಕ ನೋಡಿ ಜಾಣರನ್ನು ಆರಿಸುತ್ತೇವೆ. ಅಂಕ ತೆಗೆಯುವ ಮಕ್ಕಳು ಜಾಣರೇ, ಸಂಶಯವಿಲ್ಲ. ಆದರೆ ಲೆಕ್ಕ ಬೇಗ ಮುಗಿಸಿ ಪಕ್ಕದವನನ್ನು ಕೆಣಕುವ, ಕಿಟಕಿಯಾಚೆ ನೋಡುತ್ತ ಕೂರುವ, ಅಕ್ಷರ ಕೆಟ್ಟದಾಗಿರುವ ಮಗುವಿನಲ್ಲೂ ಅಸಾಧಾರಣ ಬುದ್ಧಿ ಇರಬಹುದು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಇಂಥ ಮಕ್ಕಳನ್ನು ಗುರುತಿಸುವ ಬಗೆಯನ್ನು ಹಳ್ಳಿ ಶಾಲೆಗಳನ್ನೂ ಸೇರಿಸಿಕೊಂಡು ಅಧ್ಯಯನ ಮಾಡಿದೆ. ದಿನವೂ ಮಗುವನ್ನು ನೋಡುವವರು ಮೇಷ್ಟ್ರು, ಟೀಚರ್, ಮನೆಯವರು. ಅವರ ಕಣ್ಣಿಗೆ ಬೀಳದ್ದು ಒಂದು ದಿನದ ಪರೀಕ್ಷೆಗೆ ಸಿಗುವುದು ಕಷ್ಟ.

ಗುರುತಿಸಿದ ಮೇಲೆ ಏನು? ಆ ಇದ್ದಿಲಿನ ಲೆಕ್ಕವನ್ನೇ ಒಂದು ಪುಟ್ಟ ಯಂತ್ರದ ಯೋಚನೆಯಾಗಿ ಬೆಳೆಸಬಹುದು: ಕಾಯಿ ಒಡೆಯದೆ, ತೂಕದಿಂದಲೇ ಕೊಬ್ಬರಿಯಾಗಿದೆಯೇ ಎಂದು ಹೇಳುವ ಸಾಧನ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಅವಾರ್ಡ್ ಮಾನಕ್ ಯೋಜನೆ ಕೇಳುವುದು ಇಂಥ ಹೊಸ ಯೋಚನೆಗಳನ್ನೇ. ಯೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಯೋಚನೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕಾದದ್ದು ಶಾಲೆ. ತೆಂಗಿನ ವಿಷಯ ಮಾತನಾಡಿ ತಿಳಿದುಕೊಳ್ಳಲು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತೆಂಗಿನ ಕಪ್ಪುತಲೆ ಹುಳುವನ್ನು ಅದರ ಮೇಲೇ ಬದುಕುವ ಇನ್ನೊಂದು ಪುಟ್ಟ ಕೀಟ ಬಿಟ್ಟು ಹತೋಟಿಗೆ ತರುತ್ತಾರಲ್ಲ, ಆ ಸಂಗತಿಯನ್ನು ಬಲ್ಲವರು ಬಿಡಿಸಿ ಹೇಳಿದರೆ ಪ್ರಶ್ನೆ ಕೇಳುವ ಮಗುವಿಗೆ ಹಬ್ಬ.

ಓದುವ ಹಸಿವಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಪತ್ರಿಕೆಯನ್ನು ಶಾಲೆಗೆ ತರಿಸಿ. ಸಾಹಿತ್ಯದ ಒಲವಿರುವ ಮಗುವಿಗೆ ಭಾರತೀಯ ಕಾವ್ಯಮೀಮಾಂಸೆ ಬರೆದ ತೀ.ನಂ.ಶ್ರೀ. ಅವರ ಕತೆ ಹೇಳಿ. 1906ರಲ್ಲಿ ಹುಟ್ಟಿದ ಅವರ ಹೆಸರಿನ ಮೊದಲ ಅಕ್ಷರವೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ್ದು.

ಐದನೇ ತರಗತಿಯಲ್ಲಿ ನವೋದಯ ಶಾಲೆಯ ಪ್ರವೇಶ ಪರೀಕ್ಷೆ ಇದೆ. ಕನ್ನಡದಲ್ಲೇ ಬರೆಯಬಹುದು, ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಆದರೆ ಸೀಟು ಸಿಗುವುದು ಕೆಲವರಿಗೆ ಮಾತ್ರ. ಸಿಗದವರನ್ನು ದಡ್ಡರೆಂದು ಎಣಿಸುವುದು ಅನ್ಯಾಯ. ಹತ್ತು ವರ್ಷದ ಕೂಸನ್ನು ಬೆಳಗಿನಿಂದ ರಾತ್ರಿಯವರೆಗೆ ಕೋಚಿಂಗಿಗೆ ಕೂರಿಸುವುದನ್ನಂತೂ ನಾನು ಒಪ್ಪುವುದಿಲ್ಲ.

ನಾನು ಹೆಚ್ಚು ಒತ್ತಿ ಹೇಳುವುದು ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗಾಗಿ 2008ರಲ್ಲಿ ಬಂದ ವಿದ್ಯಾರ್ಥಿವೇತನ ಇದು. ಆಯ್ಕೆಯಾದವರಿಗೆ ಒಂಬತ್ತನೆಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಹತ್ತನೇ ತರಗತಿ ಮುಗಿದ ಹುಡುಗಿಯ ಓದು ಬಿಡಿಸುವ ಮಾತು ಬಂದಾಗ, ತಿಂಗಳಿಗೆ ಸಾವಿರ ರೂಪಾಯಿ ಅವಳ ಹೆಸರಿಗೇ ಬರುತ್ತಿದೆ ಎನ್ನುವುದು ಸಣ್ಣ ಬಲವಲ್ಲ.

ಇದಕ್ಕೆ ಆದಾಯ ಪ್ರಮಾಣಪತ್ರ ಬೇಕು, ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕು. ಕಾಯಿ ಸುಲಿಯುವ ಕೂಲಿಗೆ ಹೋಗುವ ತಂದೆಗೆ ನಾಡಕಚೇರಿಗೆ ಎರಡು ಸಲ ಓಡಾಡಿದರೆ ಎರಡು ದಿನದ ಕೂಲಿ ಹೋಯಿತು. ಬುದ್ಧಿ ಇದ್ದೂ ಮಗು ಹಿಂದೆ ಉಳಿಯುವುದು ಬಹುಪಾಲು ಇಂಥ ಕಡೆ. ಹಾಗಾಗಿ ಊರಿನ ಡಿಗ್ರಿ ಓದಿದ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ: ಎಂಟನೇ ತರಗತಿ ಶುರುವಾದ ಕೂಡಲೇ ನಿಮ್ಮೂರ ಶಾಲೆಗೆ ಹೋಗಿ, ಯಾರ್ಯಾರ ಕಾಗದಪತ್ರ ಬಾಕಿ ಇದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಆ ಅರ್ಜಿಗಳನ್ನು ತುಂಬಿಸಿ, ನಾಡಕಚೇರಿಗೆ ನೀವೇ ಒಂದು ಸಲ ಹೋಗಿ ಬನ್ನಿ.