ಪೆಂಗ್ವಿನ್‌ಗೆ ದಾರಿ ಬಿಡಿ



ಅಂಟಾರ್ಕ್ಟಿಕಾದಲ್ಲಿ ಕಂಡದ್ದನ್ನು ಹೇಳು ಎಂದಿದ್ದಾರೆ ಮೇಷ್ಟ್ರು. ಅರ್ಜೆಂಟೀನಾದ ಉಶುವಾಯಾದಲ್ಲಿ ಹಡಗು ಹತ್ತಿದೆವು. ಡ್ರೇಕ್ ಜಲಸಂಧಿ ದಾಟಲು 2 ದಿನ. ಆ 2 ದಿನ ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಅದಿರಲಿ ಬಿಡಿ. ಆಮೇಲೆ ನೀಲಿ ಹಿಮಬಂಡೆಗಳು, ನೀರು ಚಿಮ್ಮಿಸುವ ತಿಮಿಂಗಿಲಗಳು.

ದಡಕ್ಕೆ ಒಮ್ಮೆಗೆ 100 ಜನ ಮಾತ್ರ. ಹೊರಗಿನ ಬೀಜ, ರೋಗ ಅಲ್ಲಿಗೆ ಹೋಗಬಾರದೆಂದು ಬೂಟು ತೊಳೆದೇ ಇಳಿಯಬೇಕು. ಪೆಂಗ್ವಿನ್‌ಗಳಿಂದ 5 ಮೀಟರ್ ದೂರ. ಗೂಡಿಗೂ ಕಡಲಿಗೂ ಓಡಾಡಿ ಅವು ಹಿಮದಲ್ಲಿ ಹಾದಿ ಮಾಡಿಕೊಂಡಿರುತ್ತವೆ, ನಮ್ಮೂರಲ್ಲಿ ದನ ನಡೆದ ಹಾದಿಯಂತೆ.

ನನ್ನ ಕಾಲು ಮೊಣಕಾಲವರೆಗೆ ಹಿಮದಲ್ಲಿ ಹೂತಿತು. "ಗುಂಡಿ ಮುಚ್ಚಿ ಹೋಗಿ, ಪೆಂಗ್ವಿನ್ ಬಿದ್ದರೆ ಮೇಲೆ ಬರಲಾರದು" ಎಂದರು ಮಾರ್ಗದರ್ಶಿ. ಬಗ್ಗಿ ಹಿಮ ತುಂಬಿ, ತುಳಿದು, ದೂರ ಸರಿದು ನಿಂತೆ. ಗೂಡಿಗೆಂದು ಕೊಕ್ಕಿನಲ್ಲಿ ಕಲ್ಲು ಕಚ್ಚಿಕೊಂಡ ಜೆಂಟೂ ಪೆಂಗ್ವಿನ್ ಒಂದು ಅದರ ಮೇಲೇ ನಡೆದುಹೋಯಿತು.